ದಾನವ್ವನನ್ನು ನೋಡಿಕೊಳ್ಳುವವರು

"ಹೆಣಾ ಹೊತ್ತಂಗ ಹೊತ್ಕೊಂಡು ಬಂದೀಯಲ್ಲ, ಇದೇನು ಸುಡುಗಾಡೇನು?"

ಸರ್ಕಾರಿ ಭತ್ಯೆ ಕಚೇರಿಯ ಸಾಹೇಬ ಅನಿಕೇತ ಮೂಗಿಗೆ ಕರವಸ್ತ್ರ ಹಿಡಿದೇ ಕೇಳಿದ. ಅತ್ತೆ ದಾನವ್ವನನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತಿದ್ದ ಜಯಶ್ರೀ ಇನ್ನೂ ಏದುಸಿರು ಬಿಡುತ್ತಿದ್ದಳು. ಲಿಫ್ಟು ಸಿಬ್ಬಂದಿಗೆ ಮಾತ್ರ ಎಂದು ಕಾವಲುಗಾರ ಕೆಳಗೇ ತಡೆದಿದ್ದ.

"ಪೇಶಂಟನ್ನ ಖುದ್ದ ಕರ್ಕೊಂಡು ಬಾ ಅಂತ ನೀವ ಕಾಗದ ಕಳಿಸೀರಲ್ರಿ," ಎಂದಳು ಕೊನೆಗೆ.

ದಾನವ್ವ ಇಪ್ಪತ್ತು ವರ್ಷ ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಅದಿರಿನ ದೂಳು ಗುಡಿಸಿದವಳು. ಹೋದ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ನಾಲಿಗೆ ಬೀಳಲಿಲ್ಲ. ಮಗ ಮುತ್ತು ಮೊಲೆಂ ಕಡೆ ರಸ್ತೆ ಕೆಲಸಕ್ಕೆ ಹೋದರೆ ತಿಂಗಳಿಗೊಮ್ಮೆ ಬರುವವನು. ಮುದುಕಿಯ ಮೈ ತೊಳೆದು, ಗಂಜಿ ಕುಡಿಸಿ, ಮಗ್ಗುಲು ಹೊರಳಿಸುವ ಸೊಸೆಗೆ ವಾರದಲ್ಲಿ ಎರಡು ದಿನ ಗಾರೆ ಕೆಲಸಕ್ಕೆ ಹೋಗಲಾದರೆ ಹೆಚ್ಚು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಸರ್ಕಾರ ಭತ್ಯೆ ಕೊಡುತ್ತದೆಂದು ಕೇಳಿ ಅರ್ಜಿ ಹಾಕಿದ್ದಳು.

ಅನಿಕೇತ ಬೆಳಗಾವಿಯಿಂದ ಬಂದ ಬಟ್ಟೆ ವ್ಯಾಪಾರಿಯ ಮಗ. ಗುಮಾಸ್ತರ ಜೊತೆ ಕೊಂಕಣಿ, ಮೇಲಿನವರ ಜೊತೆ ಇಂಗ್ಲಿಷು. ಕನ್ನಡ ಅವನಿಗೆ ಬೈಯಲಷ್ಟೇ ಬೇಕಾಗುತ್ತಿತ್ತು.

"ನಿನ್ನ ಹೆಸರಿಗೆ ಲೇಬರ್ ಕಾರ್ಡ್ ಐತಿ. ಅಂದ್ರ ನೀ ಕೂಲಿಗೆ ಹೋಗ್ತಿ. ಕೂಲಿಗೆ ಹೋಗಾಕಿ ಮುದುಕೀನ್ನ ಹೆಂಗ ನೋಡ್ತಿ? ಸುಳ್ಳ ಅರ್ಜಿ ಇದು."

"ಕೂಲಿಗೆ ಹೋಗಲಿಲ್ಲಂದ್ರ ಆಕಿಗೆ ಏನ್ ಉಣಿಸ್ಲಿರಿ?"

"ಅದು ನಿನ್ನ ಹಣೇಬಾರ. ಅತ್ತೀನ್ನ ನೋಡೂದು ಸೊಸಿ ಧರ್ಮ. ಅದಕ್ಕೂ ಸರ್ಕಾರದ ಮುಂದ ಕೈ ಒಡ್ಡೂದು ಈ ಘಾಂಟಿ ಮಂದಿಗೇ ಬರಬೇಕು."

ಘಟ್ಟದ ಮೇಲಿನವರಿಗೆ ಗೋವಾದಲ್ಲಿ ಎಸೆಯುವ ಆ ಬೈಗುಳ, ಅದೇ ಘಟ್ಟ ಇಳಿದು ಬಂದವರ ಮಗನ ಬಾಯಲ್ಲಿ ಕೇಳಿ ಜಯಶ್ರೀಗೆ ನಗು ಬಂತು.

"ನಿಮ್ಮ ಅವ್ವಾರನ್ನ ಯಾರು ನೋಡ್ತಾರ್ರಿ?"

"ನರ್ಸ್ ಇಟ್ಟೀವಿ."

"ಪಗಾರ ಕೊಟ್ಟೇನ್ರಿ?"

"ಮತ್ತ ಬಿಟ್ಟಿ ಯಾವಾಕಿ ಮಾಡ್ತಾಳ?"

ಹೇಳಿದ ಮೇಲೂ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಲಿಲ್ಲ. ಬಾಗಿಲಲ್ಲಿದ್ದ ಜವಾನ ನಾನಪ್ಪ ಮುಖ ತಿರುಗಿಸಿ ನಕ್ಕ. ಅನಿಕೇತ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು ಬಿಸಾಕಿದ.

ಇಷ್ಟು ಹೊತ್ತೂ ಕೂರು ಎಂದು ಯಾರೂ ಹೇಳಿರಲಿಲ್ಲ. ಜಯಶ್ರೀ ತಾನೇ ಬಾಗಿ ದಾನವ್ವನನ್ನು ಸಾಹೇಬನ ಎದುರಿನ ಮೆತ್ತನೆಯ ಕುರ್ಚಿಗೆ ಇಳಿಸಿದಳು. ಹೆಗಲಿನ ಚೀಲದಿಂದ ಗಂಜಿ ಡಬ್ಬಿ, ಬದಲಿ ಸೀರೆ ತೆಗೆದು ಸಾಹೇಬನ ಮೇಜಿನ ಮೇಲಿಟ್ಟಳು.

"ಅತ್ತಿ, ಇರ್ತೀಯೇನು ಇಲ್ಲೇ?"

ದಾನವ್ವ ಸಾಹೇಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇರ್ತೇನಿ, ನೀ ಹೋಗು. ಈ ಭಾಡ್ಯಾನೂ ಒಬ್ಬಾಕಿ ಹಡದ ಮಗನ ಅಲ್ಲ? ತೊಳ್ಯಾಕ ಕಲೀಲಿ."

"ನಾ ಕೂಲಿಗೆ ಹೊಂಟೇನ್ರಿ," ಎಂದಳು ಜಯಶ್ರೀ. "ಸಂಜಿ ಆರಕ್ಕ ಬಂದು ಕರ್ಕೊಂಡು ಹೋಗ್ತೇನಿ. ಒಂದು ಮಗ್ಗಲಾಗ ಭಾಳ ಹೊತ್ತು ಬಿಡಬ್ಯಾಡ್ರಿ, ಹುಣ್ಣ ಆಗ್ತಾವ."

"ಪೊಲೀಸರನ್ನ ಕರಸ್ತೇನಿ ನೋಡು."

"ಕರಸ್ರಿ. ಎತ್ತಾಕ ಇಬ್ಬರು ಬೇಕಾಗ್ತಾರ."

ಮೆಟ್ಟಿಲಿಳಿಯುತ್ತ ಎರಡನೇ ಮಹಡಿಯಲ್ಲಿ ಅವಳ ಕಾಲು ತಡೆಯಿತು. ಹಿಂದಿರುಗಿ ನೋಡಬೇಕೆನಿಸಿತು. ಅಷ್ಟರಲ್ಲಿ ಇಡೀ ಕಟ್ಟಡಕ್ಕೆ ಕೇಳುವಂತೆ ದಾನವ್ವನ ದನಿ ಬಂತು:

"ಏ ಸಾಹೇಬ, ಎಬ್ಬಸಪಾ. ಉಚ್ಚಿ ಬಂದೈತಿ."

ಜಯಶ್ರೀ ಉಳಿದ ಮೆಟ್ಟಿಲುಗಳನ್ನು ಇಳಿದಳು.