ಹುಣಸೆಹಣ್ಣಿನಲ್ಲಿ ಬೆಳಗಿದ ಶಾಫ್ಟು

ಹುಣಸೆಹಣ್ಣಿನ ಉಂಡೆ ಹಿಡಿದು ಶಿವಕುಮಾರಿ ಎಂಜಿನ್ನಿನ ಶಾಫ್ಟು ತಿಕ್ಕುತ್ತಲೇ ಇದ್ದಳು. ಬೇರಿಂಗ್ ಕೂಡುವ ಜಾಗದಲ್ಲಿ ಕಂದು-ನೀಲಿ ಕಲೆ ಹತ್ತಿತ್ತು. ಅಮಾವಾಸ್ಯೆಗೆ ತಾಮ್ರದ ತಂಬಿಗೆ ಬೆಳಗಿದ ಕೈಗೆ ಇದೇನು ದೊಡ್ಡದು? ಉಜ್ಜಿ ಉಜ್ಜಿ ಕೊನೆಗೆ ಮುಖ ಕಾಣುವಂತೆ ಹೊಳೆಯಿತು.

ನಾಳೆ ಗೊರೇಬಾಳದವರು ಎಂಜಿನ್ ನೋಡಲು ಬರುವವರಿದ್ದರು. ಗಂಡ ಬಸವಲಿಂಗ ತೀರಿಕೊಂಡ ಮೇಲೆ ಪಾಮನಕಲ್ಲೂರಿನ ಈ ಹಿಟ್ಟಿನ ಗಿರಣಿಯನ್ನು ಅವಳೊಬ್ಬಳೇ ನಡೆಸಿದ್ದಳು. ಲಿಂಗಸುಗೂರಿನ ಅಣ್ಣ ಅಮರಗುಂಡಪ್ಪನಿಗೆ ಅದು ಸರಿಬರಲಿಲ್ಲ. "ಒಬ್ಬಾಕಿ ಎಷ್ಟಂತ ಬಡಕೊಳ್ತಿ? ಮಾರಿ ನಮ್ಮನಿಗೆ ಬಾ. ಒಂದು ಖೋಲಿ ಖಾಲಿ ಐತಿ" ಎಂದು ಗಿರಾಕಿಯನ್ನೂ ಅವನೇ ಹುಡುಕಿದ್ದ. ಅವಳು ಹೂಂ ಅಂದಿದ್ದಳು. ಬೇರಿಂಗ್ ಸವೆದು ಗಿರಣಿ ನಿಂತಾಗಿನಿಂದ ಮನೆಯಲ್ಲಿ ಸದ್ದೇ ಇಲ್ಲ. ತನ್ನ ಕೆಮ್ಮಿಗೆ ತಾನೇ ಬೆಚ್ಚುವಂತಾಗಿತ್ತು.

ಎಂಜಿನ್ ಬಿಚ್ಚಿಟ್ಟು ಹೊಸ ಬೇರಿಂಗ್ ತರಲು ಮಸ್ಕಿಗೆ ಹೋಗಿದ್ದ ಮಿಸ್ತ್ರಿ ಅಮೀನ್‌ಸಾಬ್ ಬಂದವನೇ ತಲೆಗೆ ಕೈ ಹಚ್ಚಿಕೊಂಡ.

"ಯವ್ವಾ, ಇದನ್ನೇನು ದೇವರ ತಂಬಿಗಿ ಅನಕೊಂಡ್ಯಾ? ಒಂದೀಟು ವಿಭೂತಿನೂ ಹಚ್ಚಬೇಕಿತ್ತು."

"ಹೊಲಸು ಹತ್ತಿತ್ತಲ್ಲ ಕಾಕಾ."

"ಹೊಲಸಲ್ಲಬೇ ಅದು. ಎಣ್ಣಿಯೊಳಗ ಔಷಧ ಕೂಡ್ಸಿರ್ತಾರ. ತಿಕ್ಕಿ ತಿಕ್ಕಿ ಕಾವು ಏಳ್ತದಲ್ಲ, ಅಲ್ಲೇ ಅದು ಕಬ್ಬಿಣಕ್ಕ ಕಚ್ಕೊಂತದ. ಉಗುರಿಗೆ ಸಿಗದಷ್ಟು ತೆಳ್ಳಗ. ಎಣ್ಣಿ ಸರದ ಹೊತ್ತಿನಾಗ ಶಾಫ್ಟು ಸವೀದಂಗ ಕಾಯೋದು ಅದೇ. ನೀ ಅದನ್ನ ತೊಳದು ಕುಂತಿ."

ಅವಳ ಮುಖ ಸಪ್ಪಗಾಯಿತು. "ಮತ್ತ ಬರಂಗಿಲ್ಲೇನು?"

"ಯಾಕ ಬರಂಗಿಲ್ಲ? ಹೊಸಾ ಎಣ್ಣಿ ಹಾಕಿ, ಸ್ವಲ್ಪ ಸ್ವಲ್ಪ ಕಾಳು ಹಾಕಿ ಓಡಸು. ತಾನ ಕೂಡ್ತದ. ನಿಂದರಿಸಿಟ್ರ ಮಾತ್ರ ಕೂಡಂಗಿಲ್ಲ. ನಿಂತದ್ದಕ್ಕ ತುಕ್ಕ ಗತಿ."

ಶಾಫ್ಟನ್ನು ಡೀಸೆಲ್ಲಿನಲ್ಲಿ ತೊಳೆದು, ಬೇರಿಂಗ್ ಕೂಡಿಸಿ, ಹೊಸ ಎಣ್ಣೆ ಹಾಕಿ, ಎಂಜಿನ್ ಚಾಲೂ ಮಾಡಿಕೊಟ್ಟು ಅವನು ಸಿಂಧನೂರಿನ ಬಸ್ಸು ಹಿಡಿದ.

ಸದ್ದು ಕೇಳಿ ಓಣಿಯ ಗದ್ದೆಮ್ಮ ಜೋಳದ ಬುಟ್ಟಿ ಹೊತ್ತು ಬಂದಳು. "ಮಾರ್ಯಾಳ ಅಂದ್ರು, ಇದು ಇನ್ನಾ ಓಡಾಕತ್ತೈತಲ್ಲ. ನೀ ಹೋದ್ರ ನಾ ಈ ಬುಟ್ಟಿ ನಿನ್ನ ಅಣ್ಣನ ಮನಿಗೇ ಹೊತ್ಕೊಂಡು ಬರ್ತೀನಿ, ನೋಡ್ತಿರು."

ಶಿವಕುಮಾರಿ ನಕ್ಕಳು. ಒಂದೊಂದೇ ಬೊಗಸೆ ಜೋಳ ಸುರಿಯತೊಡಗಿದಳು. ಅಣ್ಣನ ಮನೆಯ ಖೋಲಿ ಕಣ್ಣ ಮುಂದೆ ಬಂತು. ಅಲ್ಲಿ ಕೂತು ಉಣ್ಣಬೇಕು, ಯಾರಿಗೂ ತಾಕದಂತೆ ಗೋಡೆ ಹಿಡಿದು ಸರಿಯಬೇಕು.

ಫೋನ್ ಬಂತು. ಅಣ್ಣ. "ನಾಳೆ ಮುಂಜಾನೆ ಬರ್ತೀವಿ. ಎಲ್ಲಾ ಸಾಫ್ ಮಾಡಿಟ್ಟೀಯಿಲ್ಲೋ?"

"ಬರ್ರಿ. ಊಟಕ್ಕ ಮಾಡಿರ್ತೀನಿ."

"ಯಾರಬೇ?" ಎಂದಳು ಗದ್ದೆಮ್ಮ.

"ನಮ್ಮಣ್ಣ."

ಎಂಜಿನ್ ಕೊಡುವುದಿಲ್ಲ ಎಂಬುದು ಅಷ್ಟರಲ್ಲಾಗಲೇ ಮನಸ್ಸಿನಲ್ಲಿ ಕೂತಾಗಿತ್ತು. ಅದನ್ನು ಗದ್ದೆಮ್ಮನಿಗೂ ಹೇಳದೆ ಅವಳು ಇನ್ನೊಂದು ಬೊಗಸೆ ಜೋಳ ಸುರಿದಳು.