ಸಾರಿಸದ ಗೋಡೆ

ಭಾಗ್ಯಜ್ಯೋತಿಯ ಗಲ್ಲದ ಮೇಲೆ ಹುಣ್ಣು ಎದ್ದು ಬಹಳ ತಿಂಗಳಾಗಿತ್ತು. ನೋವಿಲ್ಲ, ಕೀವಿಲ್ಲ, ಮಾಯುವುದೂ ಇಲ್ಲ. ನಿಂಬೆ ತೋಟದಲ್ಲಿ ದುಡಿಯುವವರಿಗೆ ಮುಳ್ಳಿನ ಗಾಯ ಹೊಸದೇ? ಅವ್ವ ಲಕ್ಕವ್ವ ಅರಿಸಿನ ಹಚ್ಚಿ ಸುಮ್ಮನಾಗಿದ್ದಳು. ಆಮೇಲೆ ಲಕ್ಕವ್ವನ ಮುಂಗೈಗೂ ಬಂತು, ಪಕ್ಕದ ಖೋಲಿಯ ಮಾಬವ್ವನ ಮೂಗಿಗೂ ಬಂತು. ತೋಟದ ಒಡೆಯ ಸಿದ್ದರಾಯ ಸಾಹುಕಾರ 'ಮಹಾರೋಗ' ಎಂದು ಹೆಸರಿಟ್ಟು ಅವರ ಚಹಾದ ಕಪ್ಪು ಬೇರೆ ಮಾಡಿದ. ತಾನು ಕೊಟ್ಟ ಖೋಲಿಗಳು ದನದ ಕೊಟ್ಟಿಗೆಗೆ ಅಂಟಿಕೊಂಡಿವೆ, ಮಣ್ಣಿನ ಗೋಡೆಗಳಲ್ಲಿ ಬೆರಳು ತೂರುವಷ್ಟು ಬಿರುಕಿವೆ ಎಂಬುದು ಮಾತ್ರ ಅವನ ಬಾಯಿಗೆ ಬರಲಿಲ್ಲ.

ಇಂಡಿ ಪಟ್ಟಣದಿಂದ ಬಂದ ಸರಕಾರಿ ಡಾಕ್ಟರು ಬ್ಯಾಟರಿ ಹಿಡಿದು ಆ ಬಿರುಕುಗಳನ್ನು ತೋರಿಸಿದರು.

"ಮಹಾರೋಗ ಅಲ್ಲವ್ವಾ. ಗುಂಗಾಡಿ ಸೊಳ್ಳಿಗಿಂತ ಸಣ್ಣ ನೊಣ ಇದರಾಗ ಅಡಗಿರ್ತಾವ, ರಾತ್ರಿ ಕಡಿತಾವ, ಕಡಿದಲ್ಲಿ ಹಿಂಗ ಹುಣ್ಣ ಏಳತಾವ. ಹುಡುಗಿಗೂ ನಿಮಗೂ ಸೂಜಿ ಮಾಡ್ತೇನಿ. ಗ್ವಾಡಿಗೆ ಔಷಧ ಹೊಡಸ್ತೇನಿ. ಮಳಿಗಾಲ ಮುಗಿಯೋತನಕ ಅದರ ಮ್ಯಾಲ ಸಗಣಿ ಸಾರಿಸಬ್ಯಾಡ್ರಿ. ಸಾರಿಸಿದ್ರ ಔಷಧ ಮುಚ್ಚಿಹೋಗತೈತಿ, ಮತ್ತ ಕಡಿತಾವ."

ಔಷಧ ಹೊಡೆದರು. ಗೋಡೆಗಳ ತುಂಬ ಬಿಳಿ ಕಲೆ ಬಿತ್ತು. ಅಂದು ಲಕ್ಕವ್ವನಿಗೆ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ಸಾಹುಕಾರ ಸಗಣಿ ಬುಟ್ಟಿ ಹೊರಿಸಿಕೊಂಡು ಬಂದ.

"ನನ್ನ ಮಗಳನ್ನ ನೋಡಾಕ ಸಂಜೀಕ ಸಿಂದಗಿಯಿಂದ ಗಂಡಿನವರು ಬರ್ತಾರ. ತ್ವಾಟಾನೂ ನೋಡ್ತಾರ. ಇವೇನ ಗ್ವಾಡಿನ, ತೊನ್ನ ಹತ್ತಿದಂಗ? ಎಲ್ಲಾ ಸಾರಿಸ್ರಿ."

"ಡಾಕ್ಟರು ಬ್ಯಾಡ ಅಂದಾರ್ರಿ, ಯಪ್ಪಾ."

"ಡಾಕ್ಟರ ಕೂಲಿ ಕೊಡ್ತಾನೇನ? ಖೋಲಿ ಯಾರ್ದು?"

"ಖೋಲಿ ನಿಮ್ದರಿ. ಹುಣ್ಣೆದ್ದ ಮಾರಿ ನನ್ನ ಮಗಳದು."

"ಭಾಳ ಮಾತ ಬಂದಾವ. ಸಾರಸ್ತೀಯೋ, ಗಂಟ ಕಟ್ತೀಯೋ?"

ಲಕ್ಕವ್ವನ ಕೈ ಬುಟ್ಟಿಗೆ ಹೋಯಿತು. ಹೋಗದೆ ಏನು ಮಾಡೀತು? ಹೊಟ್ಟೆಯ ಹೆದರಿಕೆ ಸಣ್ಣದಲ್ಲ. ಮಾಬವ್ವ ಆ ಕೈ ಹಿಡಿದಳು.

"ಮುಟ್ಟಬ್ಯಾಡವಾ. ಹೋದ್ರ ಎಲ್ಲಾರೂ ಹೋಗೂಣು. ನಿಂಬಿಕಾಯಿ ಇವನ ಹರಕೊಳ್ಳಲಿ."

ಉಳಿದ ಹೆಂಗಸರೂ ಬಂದು ನಿಂತರು. ಸಾಹುಕಾರ ಬೈದ, ಕೂಗಾಡಿದ, ಕಡೆಗೆ ಬುಟ್ಟಿ ಅಲ್ಲೇ ಬಿಟ್ಟು ಹೋದ. ಸಗಣಿ ಬಿಸಿಲಿಗೆ ಒಣಗಿತು.

ಸಂಜೆ ಜೀಪು ಬಂತು. ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದರು. ಯಾರೂ ಸೆರಗಿನಿಂದ ಮುಖ ಮುಚ್ಚಿರಲಿಲ್ಲ. ಭಾಗ್ಯಜ್ಯೋತಿ ಗಲ್ಲಕ್ಕೆ ಕೈ ಒಯ್ದಳು. ಅವ್ವ ಆ ಕೈ ಕೆಳಗಿಳಿಸಿದಳು.

ಗಂಡಿನ ತಂದೆ ಗಕ್ಕನೆ ನಿಂತ. "ಇದೇನ್ರಿ ಸಾಹುಕಾರ್ರ, ಈ ಹುಡುಗಿ ಮಾರಿ?"

"ಏನಿಲ್ರಿ, ಬಿಸಲಿನ ಗುಳ್ಳಿ. ಮುಂದ ನಡೀರಿ."

"ಬಿಸಲಲ್ರಿ," ಎಂದಳು ಲಕ್ಕವ್ವ. "ಇವರ ಖೋಲಿ ಕಡಿದೈತಿ. ಒಳಗ ಬರ್ರಿ, ತೋರಸ್ತೇನಿ."