ಅವ್ವನನ್ನು ಕರೆತಂದ ಮುಳ್ಳುಕೊಂಬೆ

ನನ್ನ ಅವ್ವ ನೋಮುಸಾ ಒಮ್ಮೆ ಬುಲ್ಡೋಜರನ್ನು ಹಿಂದಕ್ಕೆ ಕಳಿಸಿದ್ದಳು. ಡರ್ಬನ್ನಿನ ನಮ್ಮ ಗುಡ್ಡ ಇನ್ನು ಬಿಳಿಯರ ವಾಸಕ್ಕೆ ಮಾತ್ರ ಎಂದು ಸರಕಾರ ಸಾರಿದ ವರ್ಷವದು. ಹುಳಿಯೇರುತ್ತಿದ್ದ ಜೋಳದ ಹೆಂಡದ ಹಂಡೆಯನ್ನು ಆ ಯಂತ್ರಕ್ಕೆ ಅಡ್ಡ ಇಟ್ಟು, ಅದರ ಪಕ್ಕದಲ್ಲೇ ಮಲಗಿ, "ಹತ್ತಿಸೋ ಬೋಳಿಮಗನೆ, ಗಂಡ್ಸಾಗಿದ್ರೆ ಹತ್ತಿಸು!" ಎಂದು ಕೂಗಿದಳು. ಕೇರಿಯ ಹೆಂಗಸರೆಲ್ಲ ಬಂದು ಸಾಲಾಗಿ ಮಲಗಿದರು. ಹೊತ್ತು ಮುಳುಗುವಾಗ ಬುಲ್ಡೋಜರು ಹಿಂದೆ ಸರಿಯಿತು.

ಮರುವಾರ ಅದು ಬಂದೂಕುಗಳ ಜೊತೆ ಬಂದಿತು. ಒಲೆಯ ಮುಂದೆ ಕುಳಿತಿದ್ದ ಅವ್ವನ ಮೇಲೆ ಗೋಡೆ ಬಿತ್ತು. ಹೆಣವನ್ನೂ ನಮ್ಮನ್ನೂ ಒಂದೇ ಲಾರಿಗೆ ಎಸೆದು ದೂರದ ಬಯಲಲ್ಲಿ ಸುರಿದರು.

ಸತ್ತವರ ಜೀವವನ್ನು ಸತ್ತ ಜಾಗದಿಂದ ಮುಳ್ಳುಕೊಂಬೆಯಲ್ಲಿ ಮನೆಗೆ ಕರೆತರುವುದು ನಮ್ಮ ಪದ್ಧತಿ. ಕೊಂಬೆ ಹಿಡಿದವನು ಮನೆ ಮುಟ್ಟುವವರೆಗೆ ಸತ್ತವರೊಡನೆ ಮಾತ್ರ ಮಾತನಾಡಬೇಕು. ಬೇರೆಯವರಿಗೆ ತುಟಿ ಬಿಚ್ಚಿದರೆ ಜೀವ ಅಲ್ಲೇ ಉಳಿಯುತ್ತದೆ. ಅವ್ವನ ಜೀವ ಗುಡ್ಡದಲ್ಲೇ ಉಳಿದಿತ್ತು. ಮೊದಲು ಪೊಲೀಸರು ಗುಡ್ಡ ಹತ್ತಗೊಡಲಿಲ್ಲ. ಆಮೇಲೆ ಕರೆಂಟು ತಂತಿಯ ಗೋಡೆ ಎದ್ದಿತು, ಒಳಗೆ ಬಂಗಲೆಗಳು ಎದ್ದವು. ಹಾಗೇ ನಾನು ಮುದುಕನಾದೆ.

ಆ ಬಂಗಲೆಗಳಲ್ಲಿ ನೆಲ ಒರೆಸುವ ನನ್ನ ಮೊಮ್ಮಗಳು ಝಾಮಾ ಒಂದು ಸಂಜೆ ಏದುಸಿರು ಬಿಡುತ್ತ ಬಂದಳು. "ತಾತಾ, ಆ ಬೇವಾರ್ಸಿಗೋಳು ಬೆಣ್ಣೆಹಣ್ಣಿನ ಮರದ ಬುಡ್ದಾಗೆ ಈಜೋ ಕೊಳ ತೋಡ್ತಾವ್ರೆ. ನಾಳೆ ಸಿಮೆಂಟು ಹಾಕ್ತಾರಂತೆ."

ಆ ಮರ ಅವ್ವ ನೆಟ್ಟದ್ದು. ನಮ್ಮ ಒಲೆ ಅದರ ನೆರಳಲ್ಲಿತ್ತು.

ಬೆಳಿಗ್ಗೆ ಮುಳ್ಳುಕೊಂಬೆ ಹಿಡಿದು ಝಾಮಾಳ ಹಿಂದೆ ಆಳುಗಳ ಬಾಗಿಲಿನಿಂದ ಒಳಹೊಕ್ಕೆ. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಕೊಂಬೆಯನ್ನು ನೆಲಕ್ಕೆ ಮುಟ್ಟಿಸಿ, "ಅವ್ವಾ, ನಿನ್ ಮಗ ಬಂದೀವ್ನಿ. ಏಳು, ಮನೀಗೆ ಹೋಗಾನ," ಎಂದೆ.

"ಯಾವನೋ ನೀನು, ಕರಿ ಕೋತಿ?" ಬಡಾವಣೆಯ ಮೇಲ್ವಿಚಾರಕ ಹಾರ್ಗ್ರೀವ್ಸ್ ಕಾವಲುಗಾರ ವುಸಿಯೊಡನೆ ಓಡಿಬಂದ. ನಾನು ಎದ್ದು ನಡೆದೆ.

"ನಮ್ ತಾತ, ಸ್ವಾಮಿ. ಮಾತಾಡೋ ಹಂಗಿಲ್ಲ. ಅವ್ರವ್ವನ್ನ ಕರ್ಕೊಂಡ್ ಹೋಗ್ತಾವ್ರೆ," ಎಂದಳು ಝಾಮಾ.

"ಯಾವ ಅವ್ವ? ಇಲ್ಲಿ ನಿಮ್ಮೋರು ಯಾವತ್ತಿದ್ರು? ಕಳ್ ನನ್ಮಗ! ಬಾಯಿ ಬಿಡ್ಸೋ, ವುಸಿ!"

ವುಸಿ ನಮ್ಮವನೇ. ಕೊಂಬೆ ಕಂಡು ಹಿಂದೆ ಸರಿದ. "ಬ್ಯಾಡಿ ಸ್ವಾಮಿ, ಅದ್ರಾಗೆ ಸತ್ತೋರವ್ರೆ."

"ಹೊಡೀತೀಯೋ, ನಾಳೆಯಿಂದ ಮನೇಲಿ ಕೂರ್ತೀಯೋ?"

ಲಾಠಿ ನನ್ನ ಮೊಣಕಾಲಿಗೆ ಬಿತ್ತು, ಆಮೇಲೆ ದವಡೆಗೆ. "ತಪ್ಪಾಯ್ತಜ್ಜೀ, ತಪ್ಪಾಯ್ತು," ಎಂದು ಕೊಂಬೆಗೆ ಹೇಳುತ್ತ, ಅಳುತ್ತ ವುಸಿ ಹೊಡೆದ. ಹಲ್ಲು ಮುರಿಯಿತು. ಗಂಟಲಿಗೆ ಬಂದ ಕೂಗನ್ನು ರಕ್ತದೊಡನೆ ನುಂಗಿದೆ.

ಹಾರ್ಗ್ರೀವ್ಸ್ ತಾನೇ ಕೊಂಬೆಗೆ ಕೈ ಹಾಕಿದ. ಅದರ ಮುಳ್ಳುಗಳು ಜೋಡಿಜೋಡಿ: ಒಂದು ನೆಟ್ಟಗೆ ಚುಚ್ಚುತ್ತದೆ, ಇನ್ನೊಂದು ಕೊಕ್ಕೆಯಾಗಿ ಹಿಂದಕ್ಕೆ ಬಾಗಿರುತ್ತದೆ. ಎಳೆದಷ್ಟೂ ಅವನ ಅಂಗೈ ಸೀಳಿತು. "ಬಿಡ್ಸೋ, ವುಸಿ, ಬಿಡ್ಸೋ!" ಎಂದು ಅರಚಿದ. ವುಸಿ ಲಾಠಿಯನ್ನು ಗುಂಡಿಗೆಸೆದು ಕೈಕಟ್ಟಿ ನಿಂತ. ನಾನು ಕೊಂಬೆಯನ್ನು ಎರಡೂ ಕೈಯಿಂದ ಎಳೆದುಕೊಂಡೆ; ಹಾರ್ಗ್ರೀವ್ಸನ ಚರ್ಮ ಅದರೊಡನೆ ಬಂದಿತು. ಝಾಮಾಳ ಹೆಗಲು ಹಿಡಿದು ಕುಂಟುತ್ತ ಹೊರಬಂದೆ.

"ಅವ್ವಾ, ರಸ್ತೆ ದಾಟ್ತಾ ಇದೀವಿ. ಅವ್ವಾ, ವ್ಯಾನು ಬಂತು, ಹತ್ತು." ಕೊಂಬೆ ಕಂಡ ಪ್ರಯಾಣಿಕರು ಸರಿದು ಕುಳಿತು ಅವ್ವನಿಗೂ ಜಾಗ ಬಿಟ್ಟರು.

ಮನೆಯ ಮೂಲೆಯಲ್ಲಿ ಕೊಂಬೆಯಿಟ್ಟು, ಅವ್ವನಿಗೆ ಹೆಂಡ ಬಗ್ಗಿಸಿದ ಮೇಲೆಯೇ ಬಾಯಿ ಬಿಟ್ಟೆ. ಮಾತಿಗೆ ಮೊದಲು ರಕ್ತ ಸುರಿಯಿತು.

ಅಂಗಳದಲ್ಲಿ ಪೊಲೀಸರ ಜೀಪು ಬಂದು ನಿಂತಿತು. ಝಾಮಾ ಹೆಂಡದ ಹಂಡೆಯನ್ನು ಎಳೆದು ಹೊಸ್ತಿಲಿಗೆ ಅಡ್ಡ ಇಟ್ಟು, ಅದರ ಪಕ್ಕದಲ್ಲಿ ಮಲಗಿದಳು.

"ತಾತಾ, ಆವತ್ತು ಬುಲ್ಡೋಜರು ಹೆಂಗೆ ಹಿಂದಕ್ ಹೋಯ್ತು? ಇನ್ನೊಂದ್ ಸಲಿ ಹೇಳು."